ಟೀವಿ ಮರಾಠಿ

ನಮ್ಮಕ್ಕ ನನಗೆ ಹೇಳಿದ ಸುಳ್ಳುಗಳನ್ನು ಎಣಿಸಲು ಕೂತರೆ ಊಟಕ್ಕೆ ಏಳುವ ಹಾಗಿಲ್ಲ. ಅವುಗಳಲ್ಲಿ ಒಂದನ್ನು ಸಾಕ್ಷಿ ಸಮೇತ ಹಿಡಿಯುವ ಯೋಗ ನನಗೆ ಈ ವಯಸ್ಸಿನಲ್ಲಿ ಬಂತು, ಅದೂ ಒಂದು ವಿಡಿಯೊ ಗೇಮಿನಿಂದ.

ಖಾನಾಪುರದಲ್ಲಿ ನಾವು ಚಿಕ್ಕವರಿದ್ದಾಗ ಮನೆಗೆ ಒಂದು ಟೀವಿ ಗೇಮ್ ಬಂದಿತ್ತು. ಅದರ ಜೊತೆ ಬಂದ ಕ್ಯಾಸೆಟ್ಟುಗಳಲ್ಲಿ ಒಂದು ಜಪಾನಿನದು. ಹೊಡೆದಾಟ ಕಡಿಮೆ, ಮಾತು ಜಾಸ್ತಿ. ಕತ್ತಿ ಹಿಡಿದ ವೀರನೊಬ್ಬ ಊರೂರು ತಿರುಗಿ ಸಿಕ್ಕವರನ್ನೆಲ್ಲ ಮಾತಾಡಿಸಬೇಕು. ಅವರು ಹೇಳಿದ್ದು ಪರದೆಯ ಕೆಳಗೆ ಒಂದು ಕಪ್ಪು ಡಬ್ಬಿಯಲ್ಲಿ ಮೂಡುತ್ತದೆ. ಆ ಅಕ್ಷರ ಜಪಾನಿಯದು ಎಂದು ನಮಗೆ ಯಾರು ಹೇಳಬೇಕು? ನಾನು ಕನ್ನಡ ಶಾಲೆಯ ಒಂದನೇ ತರಗತಿ. ನನ್ನ ಲೆಕ್ಕದಲ್ಲಿ ನನಗೆ ಬಾರದ ಭಾಷೆ ಜಗತ್ತಿನಲ್ಲಿ ಎರಡೇ: ಇಂಗ್ಲಿಷ್ ಮತ್ತು ಮರಾಠಿ. ಇದು ಇಂಗ್ಲಿಷ್ ಅಲ್ಲ ಎನ್ನುವಷ್ಟು ಬುದ್ಧಿ ಇತ್ತು. ಅಂದಮೇಲೆ ಮರಾಠಿ!

ಅಕ್ಕ ಹೋಗುತ್ತಿದ್ದುದು ಮರಾಠಿ ಶಾಲೆಗೆ. ಅಪ್ಪ ಬೀಡಿ ಎಂಬ ಹಳ್ಳಿಯಿಂದ ಬಂದು ಖಾನಾಪುರದಲ್ಲಿ ಲೈನ್‌ಮನ್ ಆದವನು. ಅವನು ಕಂಬ ಹತ್ತಿದಾಗ ಕೆಳಗೆ ನಿಂತು ಬೈಯುವವರಲ್ಲಿ ಅರ್ಧ ಜನ ಮರಾಠಿಯಲ್ಲಿ ಬೈಯುತ್ತಿದ್ದರು. ಮನೆಯಲ್ಲಿ ಒಬ್ಬರಿಗಾದರೂ ಆ ಭಾಷೆ ಓದಲು ಬರೆಯಲು ಬರಲಿ ಎಂದು ಹಿರಿಮಗಳನ್ನು ಅಲ್ಲಿಗೆ ಹಾಕಿದ್ದ.

"ಯಕ್ಕಾ, ಇದನ್ನ ಓದ ನೋಡೂಣು," ಎಂದೆ.

ಅಕ್ಕ ಕಣ್ಣು ಮಿಟುಕಿಸದೆ ಓದಿದಳು. "ಗೌಡ್ರು ಅಂತಾರ, ನಮ್ಮ ಎಮ್ಮಿ ಕಳದೈತಿ, ಹುಡುಕ್ಕೊಂಡ ಬಾ."

ನನಗೂ ಒಂದು ಅನುಮಾನ ಬಂದಿತ್ತು. "ಅಂಗಡಿ ಬೋರ್ಡಿನ ಮರಾಠಿಗಿ ತಲಿ ಮ್ಯಾಲ ಗೆರಿ ಇರತೈತೆಲ್ಲ?"

"ಇದು ಟೀವಿ ಮರಾಠಿಲೇ. ಗೆರಿ ಹಾಕಿದ್ರ ಡಬ್ಬ್ಯಾಗ ಹಿಡ್ಯಂಗಿಲ್ಲ."

ಎಂಥ ಚೊಕ್ಕ ಉತ್ತರ ನೋಡಿ. ಇಡೀ ಬೇಸಿಗೆ ರಜೆ ನಾನು ಜಪಾನಿನ ಕಾಡುಮೇಡುಗಳಲ್ಲಿ ಗೌಡರ ಎಮ್ಮೆ ಹುಡುಕಿದೆ. ಸಿಗಲಿಲ್ಲ. ಮಳೆಗಾಲದಲ್ಲಿ ಯಂತ್ರವೇ ಕೆಟ್ಟಿತು.

ಅದೇ ಆಟ ಈಗ ಹೊಸ ವೇಷದಲ್ಲಿ ಮತ್ತೆ ಬಂದಿದೆ. ನನಗೆ ಬೆಳಗಾವಿಯಲ್ಲಿ ನೌಕರಿ, ತಲೆ ಅರ್ಧ ನರೆತಿದೆ, ಆದರೂ ನಾಚಿಕೆ ಬಿಟ್ಟು ತರಿಸಿಕೊಂಡೆ. ಈಗ ಹುಲ್ಲು ಗಾಳಿಗೆ ಅಲ್ಲಾಡುತ್ತದೆ, ವೀರನ ಕೂದಲೂ ಅಲ್ಲಾಡುತ್ತದೆ, ಮಾತೆಲ್ಲ ಇಂಗ್ಲಿಷಿನಲ್ಲಿದೆ. ವೀರನ ನಡತೆ ಮಾತ್ರ ಸುಧಾರಿಸಿಲ್ಲ. ಕಂಡವರ ಮನೆಗೆ ನುಗ್ಗಿ, ಗಡಿಗೆ ಒಡೆದು, ಒಳಗಿದ್ದುದನ್ನು ಕಿಸೆಗೆ ಇಳಿಸಿಕೊಂಡು ಹೊರಡುತ್ತಾನೆ. ಮನೆಯವರು ನಗುನಗುತ್ತಾ ಅವನಿಗೆ ಮುಂದಿನ ದಾರಿ ಹೇಳುತ್ತಾರೆ. ನಮ್ಮ ಬೆಳಗಾವಿಯ ರವಿವಾರ ಪೇಟೆಯ ಅಂಗಡಿಗೆ ಬಂದು ಒಂದು ಡಬ್ಬಿ ಮುಟ್ಟಲಿ ಮಗ, ಬೆನ್ನು ಮೆತ್ತಗೆ ಮಾಡಿ ಕಳಿಸುತ್ತಾರೆ.

ನೆಟ್ಟಗೆ ಗೌಡರ ಹತ್ತಿರ ಹೋದೆ. ಗೌಡರಲ್ಲ, ರಾಜ. ಕಳೆದದ್ದು ಎಮ್ಮೆಯಲ್ಲ, ಅವನ ಮಗಳು! ರಾಜಕುಮಾರಿಯನ್ನು ನಮ್ಮಕ್ಕ ಒಂದೇ ಉಸಿರಿಗೆ ಎಮ್ಮೆ ಮಾಡಿಬಿಟ್ಟಿದ್ದಳು. ಮೊದಲು ನಗು ಬಂತು, ಹಿಂದೆಯೇ ಸಿಟ್ಟು. ಹುಟ್ಟಿದಾಗಿನಿಂದ ಒಂದು ತಪ್ಪನ್ನೂ ಒಪ್ಪಿಕೊಂಡವಳಲ್ಲ ಅವಳು. ಇದೊಂದನ್ನಾದರೂ ಅವಳ ಬಾಯಿಂದಲೇ ಒಪ್ಪಿಸಬೇಕು ಎಂದು ಹಟ ಹಿಡಿಯಿತು. ರವಿವಾರ ಬೆಳಿಗ್ಗೆ ಗೇಮನ್ನು ಚೀಲಕ್ಕೆ ತುರುಕಿಕೊಂಡು ಖಾನಾಪುರದ ಬಸ್ಸು ಹತ್ತಿದೆ.

ಅಕ್ಕ ಅಲ್ಲೇ ಖಾನಾಪುರದಲ್ಲಿ ಸಂಸಾರಸ್ಥೆ. ಈಗ ಸಂತೆಯಲ್ಲಿ ಮರಾಠಿಯಲ್ಲೇ ಜಗಳಕ್ಕೆ ನಿಂತು ಗೆದ್ದು ಬರುತ್ತಾಳೆ. ನಾನು ಹೋದಾಗ ಮೆಂತ್ಯದ ಸೊಪ್ಪು ಸೋಸುತ್ತಾ ಕೂತಿದ್ದಳು. ಅವಳ ಟೀವಿಗೇ ಗೇಮ್ ಸಿಕ್ಕಿಸಿ, ರಾಜನ ಮಾತನ್ನು ಓದಿ, ಕನ್ನಡದಲ್ಲಿ ಅರ್ಥ ಹೇಳಿದೆ.

"ಎಮ್ಮಿ ಅಂದಿದ್ನೇನ ನಾ?" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕಳು.

"ನಗಬ್ಯಾಡ. ಸುಳ್ಳ ಓದಿದ್ನಿ ಅಂತ ಒಪ್ಕೋ."

"ಆತು ತಗೋ, ಸುಳ್ಳ ಓದಿದ್ನಿ."

ಛೇ, ಇಷ್ಟು ಸಲೀಸೇ? ಕುಸ್ತಿಗೆ ತೊಡೆ ತಟ್ಟಿ ಬಂದವನಿಗೆ ಎದುರಾಳಿ ತಾನೇ ಮಲಗಿಕೊಟ್ಟ ಹಾಗಾಯಿತು. ಅಲ್ಲಿಗೆ ಬಿಡಬೇಕಿತ್ತು, ನಾನು ಬಿಡಲಿಲ್ಲ. "ಅದು ಜಪಾನಿ ಅಂತ ನಿನಗ ಗೊತ್ತಿತ್ತೇನು?"

"ಇಲ್ಲೋ. ನಾನೂ ಮರಾಠೀನ ಅನ್ಕೊಂಡಿದ್ನಿ. ದೊಡ್ಡ ಕ್ಲಾಸಿಂದು ಹಿಂಗ ಇರತೈತೇನೋ ಅಂತ."

"ಮತ್ತ ಖರೇ ಓದಬೇಕಿತ್ತಿಲ್ಲ?"

"ಬಂದ್ರ ಓದಾಕಿ," ಎಂದಳು. "ನನಗ ಸಣ್ಣ ಕ್ಲಾಸಿಂದೂ ಬರ್ತಿದ್ದಿಲ್ಲ. ಟೀಚರ್ ಹೇಳೂದು ಒಂದೂ ತಿಳೀತಿದ್ದಿಲ್ಲ. ಹಿಂದ ಗ್ವಾಡಿಗಿ ಆನಕೊಂಡ ಕುಂತು ಬರ್ತಿದ್ನಿ. ನಿನ್ನ ಮುಂದ ಅಷ್ಟ ನಾ ಶಾಣ್ಯಾಕಿ."

ನನ್ನ ಹಟ ಇಳಿಯಿತು. "ಅಪ್ಪಗ ಹೇಳಬೇಕಿತ್ತಿಲ್ಲ, ಕನ್ನಡ ಸಾಲಿಗಿ ಹಾಕು ಅಂತ?"

"ಹೇಳಿದ್ನೆಲ್ಲ! ಅಳಕೋತ ಹೇಳಿದ್ನಿ. ಅಂವ ನಿನ್ನ ಕರದು ಕೇಳಿದ, ಅಕ್ಕಗ ಮರಾಠಿ ಓದಾಕ ಬರತೈತೇನೋ ಅಂತ." ಸೊಪ್ಪಿನ ಕಡ್ಡಿಯನ್ನು ಬದಿಗೆ ಎಸೆದಳು. "ನೀ ಎದಿ ಉಬ್ಬಿಸಿ ಅಂದಿ, ಹೂಂ, ಟೀವ್ಯಾಗಿಂದೆಲ್ಲಾ ಪಟಾಪಟಾ ಓದತಾಳ ಅಂತ. ಮುಗೀತಲ್ಲ. ಅಪ್ಪ ನನ್ನ ಮಾತು ಮತ್ತ ಕೇಳಲೇ ಇಲ್ಲ."

ಹಾಗೆ ಹೇಳಿದ್ದು ನನಗೆ ನೆನಪೇ ಇಲ್ಲ. ಅವಳು ನಾಲ್ಕನೇ ತರಗತಿಗೆ ಶಾಲೆ ಬಿಟ್ಟದ್ದು ಮಾತ್ರ ಚೆನ್ನಾಗಿ ನೆನಪಿದೆ. ಓದಿನಲ್ಲಿ ಮನಸ್ಸಿಲ್ಲದ ಹುಡುಗಿ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಇಷ್ಟು ವರ್ಷ ನಾನೂ ಅದನ್ನೇ ಹೇಳಿಕೊಂಡು ಬಂದಿದ್ದೆ. ತಪ್ಪಾಯಿತು ಅನ್ನುವ ಬದಲು ಮೆಂತ್ಯದ ಒಂದು ಹಿಡಿ ಎಳೆದುಕೊಂಡು ಸೋಸತೊಡಗಿದೆ.

"ಸೊಪ್ಪ ಬಿಡ. ಮುಂದಿಂದು ಓದ," ಎಂದಳು ಅಕ್ಕ, ಟೀವಿಯ ಕಡೆ ಗದ್ದ ತೋರಿಸಿ. "ಆ ರಾಜಾನ ಮಗಳು ಸಿಗತಾಳೋ ಇಲ್ಲೋ?"

ಓದತೊಡಗಿದೆ. ಕಣ್ಣು ಮಂಜಾಗಿ ಎರಡನೇ ಸಾಲಿಗೇ ತಡವರಿಸಿದೆ.

"ಎಷ್ಟ ನಿಧಾನ ಓದತೀಯೋ," ಎಂದು ಅಕ್ಕ ಗೊಣಗಿದಳು. "ಯಾವ ಸಾಲ್ಯಾಗ ಕಲತಿ ನೀ?"