ಕೊಕ್ಕರೆ ಚಿತ್ರದ ತಗಡಿನ ಡಬ್ಬಿ

ನಮ್ಮ ಯಜಮಾನರು ಆಗ ಇಟಾಸ್ಕಾದಲ್ಲಿದ್ದ ಒಂದು ಜಪಾನಿ ಟೀವಿ ಕಂಪನಿಯ ಆಫೀಸಿನಲ್ಲಿ ಎಂಜಿನಿಯರ್. ನಮ್ಮ ವೀಸಾ, ಗ್ರೀನ್ ಕಾರ್ಡಿನ ಅರ್ಜಿ, ನಾವಿದ್ದ ನೇಪರ್‌ವಿಲ್‌ನಲ್ಲಿ ಮಗಳ ಸ್ಕೂಲು, ಎಲ್ಲ ಆ ಒಂದು ಕೆಲಸದ ಮೇಲೆ ನಿಂತಿತ್ತು. ಅದು ಹೋದರೆ ನಾವು ಗಂಟುಮೂಟೆ ಕಟ್ಟಬೇಕು. ಇದು ನನಗೆ ಏಳುವಾಗಲೂ ಮಲಗುವಾಗಲೂ ನೆನಪಿರುತ್ತಿತ್ತು.

ಅವರ ಮ್ಯಾನೇಜರು ಜಪಾನಿನವರು, ಐವತ್ತು ದಾಟಿದವರು. ಎಲ್ಲಿಗೆ ಟೂರು ಹೋದರೂ ಆ ಊರಿನ ತಿಂಡಿ ತಂದು ಆಫೀಸಿನವರಿಗೆ ಹಂಚುವುದು ಅವರ ಕಡೆಯ ಪದ್ಧತಿ. ಮೊದಲ ಸಲ ನಮ್ಮ ಮನೆಗೆ ಬಂದದ್ದು ಕೊಕ್ಕರೆ ಚಿತ್ರವಿದ್ದ ಒಂದು ತಗಡಿನ ಡಬ್ಬಿ, ಒಳಗೆ ಅಕ್ಕಿಯ ಬಿಲ್ಲೆಗಳು. ಮೇಲೆಲ್ಲ ಜಪಾನಿ ಅಕ್ಷರ. ಏನು ಹಾಕಿದ್ದಾರೋ ತಿಳಿಯದೆ ನಾನು ಬಾಯಿಗಿಡುವವಳಲ್ಲ. ಯಜಮಾನರಿಂದ ಕೇಳಿಸಿದೆ, ಮೀನಿನ ಪುಡಿ ಇದೆಯಂತೆ. ಬಿಲ್ಲೆಗಳು ಪಕ್ಕದ ಮನೆಗೆ ಹೋದವು. ಡಬ್ಬಿ ತೊಳೆದು, ಚಕ್ಕುಲಿ ತುಂಬಿ, ವಾಪಸ್ ಕಳಿಸಲು ಹೊರಟೆ.

"ಅದು ಗಿಫ್ಟು ಕಣೇ, ಡಬ್ಬಿ ವಾಪಸ್ ಕೊಡೋದಲ್ಲ," ಅಂದರು ಇವರು.

"ತಿಂಡಿ ತುಂಬ್ಕೊಂಡು ಬಂದ ಡಬ್ಬೀನ ಇಟ್ಕೊಳೋದು ಹೇಗೆ? ಖಾಲಿ ಕೊಡೋದು ಹೇಗೆ?"

ಅಲ್ಲಿ ಶುರುವಾಯಿತು. ಕೊಟ್ಟವರಿಗೆ ತಿರುಗಿ ಕೊಡದಿದ್ದರೆ ಜಪಾನಿನವರಿಗೂ ಸಮಾಧಾನವಿಲ್ಲವಂತೆ. ಡಬ್ಬಿ ಮತ್ತೆ ಬಂತು, ಈ ಸಲ ಒಂದು ಚೀಟಿಯ ಸಮೇತ. ಮಗಳು ಓದಿದಳು: "ನೋ ಫಿಶ್, ನೋ ಎಗ್." ಅಷ್ಟು ವಿಚಾರಿಸಿ ತಂದರಲ್ಲ ಎಂದು ದೇವರಮನೆಯ ರಾಯರಿಗೆ ಕೈಮುಗಿದೆ. ನನ್ನ ಕೊಬ್ಬರಿ ಮಿಠಾಯಿ ಹೋಯಿತು, ಅವರ ಕಡೆಯಿಂದ ಇನ್ನೇನೋ ಬಂತು. ಹೀಗೆ ಎರಡು ವರ್ಷ.

ಲೇಬಲ್ ಓದಿಸುತ್ತ ಓದಿಸುತ್ತ ನನಗೊಂದು ವಿಷಯ ಕಾಣತೊಡಗಿತು. ಡಬ್ಬಿಯೊಳಗಿನ ಪೊಟ್ಟಣಗಳು ಈಗ ಜಪಾನಿನವಲ್ಲ. ಒಮ್ಮೆ ಮಲೇಷಿಯಾದ ಅನಾನಸ್ ಬಿಸ್ಕತ್ತು. ಆಮೇಲೆ ಚೀನಾದ ಎಳ್ಳುಂಡೆಯಂಥದ್ದು. ಆಮೇಲೆ ಮೇಲಿಂದ ಮೇಲೆ ಮೆಕ್ಸಿಕೋದ ಹಾಲಿನ ಮಿಠಾಯಿ, ನಮ್ಮ ಪೇಡೆಯ ತಂಗಿ ಇದ್ದಂತೆ. ಈ ಮನುಷ್ಯ ಇಷ್ಟು ಸಲ ಮೆಕ್ಸಿಕೋಗೆ ಯಾಕೆ ಹೋಗುತ್ತಾರೆ?

"ಟೂರು," ಅಂದರು ಯಜಮಾನರು.

"ಟೂರು ಅಂತ ನನಗೂ ಗೊತ್ತು. ಯಾವ ಕೆಲಸಕ್ಕೆ?"

"ನಿನ್ನ ಮಿಠಾಯಿ ತರೋಕೆ."

ನಗಿಸಿದರೆ ಬಿಟ್ಟುಬಿಡುತ್ತೇನೆಂದು ಎಣಿಸಿದ್ದರು. ಶನಿವಾರ ಮಗಳನ್ನು ಕರೆದುಕೊಂಡು ಟೀವಿ ಅಂಗಡಿಗೆ ಹೋಗಿ, ಇವರ ಕಂಪನಿಯ ಟೀವಿಗಳ ಬೆನ್ನ ಹಿಂದೆ ಬಗ್ಗಿ ಬಗ್ಗಿ ನೋಡಿದೆ. "ಅಮ್ಮಾ, ಪ್ಲೀಸ್, ಎವ್ರಿಬಡಿ ಈಸ್ ಲುಕಿಂಗ್," ಅಂತ ಅವಳು ದೂರ ನಿಂತಳು. ನೋಡಲಿ. ದೊಡ್ಡ ಟೀವಿಗಳೆಲ್ಲ ಮೆಕ್ಸಿಕೋದಲ್ಲಿ ಜೋಡಿಸಿದವು, ಚಿಕ್ಕವು ಮಲೇಷಿಯಾದವು. ಜಪಾನಿನದು ಹೆಸರು ಮಾತ್ರ. ಕಾರ್ಖಾನೆಯೇ ಹೀಗೆ ದೇಶ ದೇಶ ಸರಿಯುವಾಗ ಇಟಾಸ್ಕಾದ ಕುರ್ಚಿ ಎಷ್ಟು ದಿನ?

ಅವತ್ತಿನಿಂದ ಆ ಮ್ಯಾನೇಜರು ನನ್ನ ಕಣ್ಣಿಗೆ ಮಿಠಾಯಿ ಕೊಟ್ಟು ಮನೆ ಕಿತ್ತುಕೊಳ್ಳುವವರಂತೆ ಕಂಡರು. ಗುರುವಾರದ ಒಪ್ಪೊತ್ತು ಹಿಡಿದೆ. ದೀಪ ಹಚ್ಚುವಾಗ "ಅವರ ಕಣ್ಣು ನಮ್ಮ ಮೇಲೆ ಬೀಳದಿರಲಿ" ಅಂತ ಕೇಳಿಕೊಂಡೆ. ಡಬ್ಬಿ ಮಾತ್ರ ತುಂಬಿಸಿ ಕಳಿಸುತ್ತಲೇ ಇದ್ದೆ. ನಿಲ್ಲಿಸಿದರೆ ಅವರು ಮುಂದೆ ಎಲ್ಲಿಗೆ ಹೋದರೆಂದು ನನಗೆ ತಿಳಿಯುವುದು ಹೇಗೆ?

ಆಮೇಲೆ ಒಂದೂವರೆ ತಿಂಗಳು ಡಬ್ಬಿ ಬರಲಿಲ್ಲ. ಒಂದು ಸಂಜೆ ಯಜಮಾನರು ಮ್ಯಾನೇಜರು ಕೊಟ್ಟರೆಂದು ಬರೀ ಒಂದು ಕವರ್ ತಂದು ಮೇಜಿನ ಮೇಲಿಟ್ಟರು. ಒಣಗಿಸಿದ ಚೆರಿ ಹಣ್ಣು. ತಿರುಗಿಸಿದೆ. ಮಿಷಿಗನ್.

"ಮಿಷಿಗನ್‌ನಲ್ಲಿ ಟೀವಿ ಯಾರು ಮಾಡ್ತಾರೆ?" ಅಂದೆ.

ಇವರು ಕೂತು ಶೂ ಬಿಚ್ಚಿದರು. ಆಮೇಲೆ ಎಲ್ಲ ಬಾಯಿಬಿಟ್ಟರು. ಟೀವಿ ಕೆಲಸವೆಲ್ಲ ಮೆಕ್ಸಿಕೋಗೆ ಹೋಯಿತು. ಈಗ ಕಂಪನಿಯ ಆಸೆಯೆಲ್ಲ ಕಾರಿನೊಳಗಿನ ಸಾಮಾನಿನ ಮೇಲೆ: ರೇಡಿಯೋ, ದಾರಿ ತೋರಿಸುವ ಪರದೆ. ಅದಕ್ಕೆ ಡೆಟ್ರಾಯಿಟ್ ಪಕ್ಕದಲ್ಲಿ ಆಫೀಸು. ಇವರನ್ನು ಅಲ್ಲಿಗೆ ಹಾಕಿದ್ದಾರೆ. ಇವರಿಗೆ ತಿಳಿದು ಮೂರು ವಾರವಾಗಿತ್ತು.

"ಮೂರು ವಾರ ನನ್ನ ಕೈಯಡುಗೆ ಹೇಗೆ ಇಳೀತು ನಿಮಗೆ?"

"ಮಗಳ ಸ್ಕೂಲು ಬಿಡಿಸ್ಬೇಕಲ್ಲ, ಹೇಗೆ ಹೇಳೋದು ಅಂತ."

ಕೆಲಸ ಉಳಿಯಿತು, ದೇಶ ಬಿಡಬೇಕಾಗಿಲ್ಲ. ಅದೇ ದೊಡ್ಡದೆಂದು ಸಾಮಾನು ಕಟ್ಟಿದೆ.

ಟ್ರಕ್ ಬಂದ ದಿನ ಮ್ಯಾನೇಜರು ಮನೆಗೇ ಬಂದರು, ಕೈಯಲ್ಲಿ ಕೊಕ್ಕರೆ ಡಬ್ಬಿ. ಬಾಗಿ, ಎರಡೂ ಕೈಯಲ್ಲಿ ಕೊಟ್ಟು, "ನೋ ಫಿಶ್, ನೋ ಎಗ್," ಅಂದರು. ತೆರೆದರೆ ಖಾಲಿ.

"ಇನ್ನು ಟೂರು ಇಲ್ಲ," ಎಂದು ಅವರು ಹೇಳಿದ್ದನ್ನು ಯಜಮಾನರು ತಿಳಿಸಿದರು.

ನನ್ನ ಅನುಮಾನ ಇನ್ನೂ ತೀರಿರಲಿಲ್ಲ. "ಮಿಷಿಗನ್‌ಗೆ ನೀವೂ ಬರ್ತೀರಲ್ಲ?" ಎಂದು ಮಗಳಿಂದ ಕೇಳಿಸಿದೆ. ಅವರು ಇಲ್ಲವೆಂದು ತಲೆಯಾಡಿಸಿ, ಒಂದು ಬೆರಳೆತ್ತಿ, "ಒನ್ ಚೇರ್," ಅಂದರು. ಆಮೇಲೆ ಅದೇ ಬೆರಳನ್ನು ನಮ್ಮ ಯಜಮಾನರತ್ತ ತೋರಿಸಿದರು. ಇವರು ತಲೆ ತಗ್ಗಿಸಿ ವಿಷಯ ಬಿಡಿಸಿ ಹೇಳಿದರು. ಅಲ್ಲಿದ್ದ ಒಂದೇ ಜಾಗಕ್ಕೆ ಇವರ ಹೆಸರು ಬರೆದವರು ಈ ಮನುಷ್ಯ. ತಮಗೆ ಜಾಗವಿಲ್ಲದೆ ಮುಂದಿನ ತಿಂಗಳು ಜಪಾನಿಗೆ ವಾಪಸ್ ಹೊರಟಿದ್ದರು.

ನನ್ನ ಗುರುವಾರಗಳೆಲ್ಲ ನೆನಪಾಗಿ, ಡಬ್ಬಿ ಹಿಡಿದು ಅಡುಗೆಮನೆಗೆ ಓಡಿದೆ. ಅಲ್ಲಿ ಒಂದು ಸಾಸಿವೆ ಕಾಳೂ ಉಳಿದಿರಲಿಲ್ಲ. ಕೈಚೀಲದಲ್ಲಿ ದಾರಿಗೆಂದು ಇಟ್ಟುಕೊಂಡಿದ್ದ ಪ್ರಸಾದದ ಪೊಟ್ಟಣವಿತ್ತು. ಅದರ ಕಲ್ಲುಸಕ್ಕರೆಯನ್ನೆಲ್ಲ ಡಬ್ಬಿಗೆ ಸುರಿದು, ಮುಚ್ಚಿ, ಅವರ ಕೈಗೇ ಕೊಟ್ಟೆ.

ಅವರು ಡಬ್ಬಿಯನ್ನು ತಿರುಗಿಸಿ ತಳ ನೋಡಿ, "ಮೇಡ್ ಇನ್?" ಅಂದರು. ನನ್ನ ಚಟ ಅವರಿಗೂ ತಿಳಿದಿತ್ತು.

"ಮಂತ್ರಾಲಯ," ಅಂದೆ.