ಖಾತೆಯನ್ನು ಖಾಲಿ ವಾಪಸ್ ಕೊಡಬಾರದು

ಸಿದ್ದಾಪುರದ ಬ್ಯಾಂಕಿನ ಕೌಂಟರಿನಲ್ಲಿ ಕೂತು ಮನ್ಮನೆಯ ಶಾರದಕ್ಕನಿಗೆ ಎರಡು ಖಾತೆಗಳ ವ್ಯತ್ಯಾಸ ವಿವರಿಸಿದೆ. ಮಾಮೂಲಿ ಉಳಿತಾಯ ಖಾತೆಯಲ್ಲಿ ಇಂತಿಷ್ಟು ಹಣ ಇರಲೇಬೇಕು, ಕಡಿಮೆಯಾದರೆ ದಂಡ. ಝೀರೋ ಬ್ಯಾಲೆನ್ಸ್ ಖಾತೆಯಲ್ಲಿ ಏನೂ ಇಲ್ಲದಿದ್ದರೂ ದಂಡವಿಲ್ಲ, ಸವಲತ್ತು ಮಾತ್ರ ಕಡಿಮೆ. ಹಾಲಿನ ದುಡ್ಡಿನಲ್ಲಿ ತಿಂಗಳು ತಿಂಗಳೂ ದಂಡ ಕಟ್ಟುತ್ತಿದ್ದ ಶಾರದಕ್ಕ ತಕ್ಷಣ ಎರಡನೆಯದಕ್ಕೆ ಒಪ್ಪಿದರು. ಎರಡೂ ಒಟ್ಟಿಗೆ ಇರುವಂತಿಲ್ಲವಾದ್ದರಿಂದ ಹಳೆಯದನ್ನು ಖಾಲಿ ಮಾಡಿ ಮುಚ್ಚಬೇಕಿತ್ತು.

"ಹತ್ತು ರೂಪಾಯಿ ಅದ್ರಲ್ಲೇ ಇರ್ಲಿ ತಮಾ," ಎಂದರು.

"ಹಾಗಾದ್ರೆ ಮುಚ್ಚಲಿಕ್ಕೆ ಬರೋದಿಲ್ಲ ಅಕ್ಕಾ. ದಂಡ ಬೀಳ್ತಾನೇ ಇರ್ತದೆ."

"ಪಕ್ಕದ ಮನೆ ಪಾತ್ರೆನೇ ಆನು ಖಾಲಿ ವಾಪಸ್ ಕೊಡ್ತ್ನಿಲ್ಲೆ. ಬ್ಯಾಂಕು ಎಂತ ಪಾಪ ಮಾಡಿದ್ದು?"

ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಅವರ ಪರವಾದರು. ಕೊನೆಗೆ ಅವರು ಹಣ ಪೂರ್ತಿ ತೆಗೆದುಕೊಂಡು, ಚೀಲದಿಂದ ಒಂದು ತುಂಡು ಬೆಲ್ಲ ಹುಡುಕಿ, ಹಳೆಯ ಪಾಸ್‌ಬುಕ್ಕಿನ ಮೇಲಿಟ್ಟು ನನ್ನತ್ತ ತಳ್ಳಿದರು.

ನಾನು ಅದನ್ನು ಹಾಗೆಯೇ ಮ್ಯಾನೇಜರರ ಮುಂದಿಟ್ಟೆ. ಅವರು ನಿಯಮ ಓದಿದರು. ಮುಚ್ಚುವ ಖಾತೆಯಲ್ಲಿ ಹಣ ಉಳಿಯಬಾರದು ಎಂದಿತ್ತು, ಬೆಲ್ಲದ ಪ್ರಸ್ತಾಪವಿರಲಿಲ್ಲ. ಬಾಯಿಗೆ ಹಾಕಿಕೊಂಡು ಸಹಿ ಮಾಡಿದರು.

ಅವರಿಗೆ ಸಕ್ಕರೆ ಕಾಯಿಲೆ. ಅವರ ಹೆಂಡತಿಯ ಖಾತೆಯೂ ನಮ್ಮಲ್ಲೇ ಇರುವುದರಿಂದ ಈ ವ್ಯವಹಾರವನ್ನು ನಾನು ಎಲ್ಲೂ ನಮೂದಿಸಿಲ್ಲ.