ಮಿಷನಕ್ಕನ ಅಂಗಡಿಗೊಂದು ಮುಖ

ಹೊಲಿಗೆ ಮಿಷನ್ ಕೆಟ್ಟರೆ ಆ ಊರಿನ ಅರ್ಧ ಜನ ಮಿಷನನ್ನು ಬೈಯುತ್ತಾರೆ, ಉಳಿದರ್ಧ ಜನ ಅದನ್ನು ಹೊತ್ತುಕೊಂಡು ಮಿಷನಕ್ಕನ ಹತ್ತಿರ ಬರುತ್ತಾರೆ. ಬೈದವರೂ ಎರಡು ದಿನ ಬಿಟ್ಟು ಅಲ್ಲಿಗೇ ಬರುತ್ತಾರೆ ಅನ್ನುವುದು ಬೇರೆ ಮಾತು. ಅವಳಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಅದು ಮತದಾರರ ಪಟ್ಟಿಯಲ್ಲಿ ಸುಖವಾಗಿದೆ, ಯಾರೂ ಅದರ ತಂಟೆಗೆ ಹೋಗುವುದಿಲ್ಲ.

ಮೂವತ್ತು ವರ್ಷದ ಹಿಂದೆ ಅವಳು ದಿಂಬಿನ ಕವರು ಹೊಲಿದು ಸಂಸಾರ ತೂಗಿಸುತ್ತಿದ್ದಳು. ಒಂದು ದಿನ ಮಿಷನ್ ಕೆಟ್ಟಿತು. ರಿಪೇರಿಯವನು ನಾಳೆ ಬಾ ನಾಡಿದ್ದು ಬಾ ಅಂತ ಹದಿನೈದು ದಿನ ಓಡಾಡಿಸಿದ. ಹದಿನಾರನೆಯ ದಿನ ಅವಳೇ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿ ಹಾಕಿದಳು. ಮತ್ತೆ ಜೋಡಿಸುವಾಗ ಎರಡು ಸ್ಕ್ರೂ ಕೈಯಲ್ಲೇ ಉಳಿದವು, ಆದರೂ ಮಿಷನ್ ಓಡಿತು. ಆ ಎರಡು ಎಲ್ಲಿಯವು ಎಂದು ಹುಡುಕುವ ಹಟದಲ್ಲೇ ವಿದ್ಯೆ ಕೈಗೆ ಹತ್ತಿತು. ಕೆಲವು ವರ್ಷಗಳಲ್ಲಿ ಆ ರಿಪೇರಿಯವನೇ ತನ್ನ ಕೈಲಾಗದ್ದನ್ನೆಲ್ಲ ಅವಳ ಹತ್ತಿರ ಕಳಿಸುವಂತಾಯಿತು.

ಅವಳ ಅಂಗಡಿ ರಸ್ತೆ ಬದಿಯ ಹಳೆಯ ಸಾಲಿನಲ್ಲಿ ಒಂದು ಕೋಣೆ. ಬಾಗಿಲಿಗೆ ಅಡ್ಡಲಾಗಿ ಎಣ್ಣೆ ಕುಡಿದು ಕಪ್ಪಾದ ಬೆಂಚು, ಅದರಾಚೆ ಅವಳು, ಈಚೆ ಗಿರಾಕಿ. ಕೆಟ್ಟ ಮಿಷನ್ ಬಂದ ಕೂಡಲೇ ಅವಳು ಅದನ್ನು ಬಿಚ್ಚುವವಳಲ್ಲ. ಗಿರಾಕಿಯನ್ನೇ ಸ್ಟೂಲಿನ ಮೇಲೆ ಕೂರಿಸಿ, ಅವರ ದಾರದಲ್ಲಿ, ಅವರ ಬಟ್ಟೆಯ ಮೇಲೆ ನಾಲ್ಕು ಗೆರೆ ಹೊಲಿಸುತ್ತಿದ್ದಳು. ಆಗ ಮಿಷನ್ನಿನ ಕಡೆ ನೋಡುತ್ತಿರಲಿಲ್ಲ, ಅವರ ಕೈ ನೋಡುತ್ತಿದ್ದಳು. ಬಟ್ಟೆಯನ್ನು ಹಿಂದಿನಿಂದ ಎಳೆಯುವವರ ಸೂಜಿ ಮುರಿಯುತ್ತದೆ, ಹೆದರಿ ಹೆದರಿ ತುಳಿಯುವವರ ದಾರ ಗಂಟಾಗುತ್ತದೆ. ಅರ್ಧ ರೋಗ ಕೈಯಲ್ಲೇ ಇರುತ್ತದೆ ಅನ್ನುವುದು ಅವಳ ಸಿದ್ಧಾಂತ. ಗಿರಾಕಿ "ಇದರ ಶಟಲ್ ಬದಲಾಯಿಸಿ" ಅಂತ ಅಪ್ಪಣೆ ಕೊಟ್ಟರೆ ಅವಳಿಗೆ ಸಿಟ್ಟು ಬರುತ್ತಿತ್ತು. "ನೀನು ರೋಗ ಹೇಳು ತಾಯಿ, ಮದ್ದು ನಾನು ಹೇಳ್ತೀನಿ" ಅನ್ನುತ್ತಿದ್ದಳು.

ಆ ಹಳೆಯ ಸಾಲನ್ನು ಕೆಡವಿ ನಾಲ್ಕು ಅಂತಸ್ತಿನ ಕಾಂಪ್ಲೆಕ್ಸ್ ಕಟ್ಟಿದರು. ಮೈತುಂಬ ನೀಲಿ ಗಾಜು, ಬೂದು ಬಣ್ಣದ ತಗಡಿನ ಹಲಗೆಗಳು. ಎಲ್ಲ ಅಂಗಡಿಗೂ ಒಂದೇ ಅಳತೆಯ ಬೋರ್ಡು, ಒಂದೇ ಬಣ್ಣದ ಅಕ್ಷರ. ಹಳಬರಿಗೆ ನೆಲಮಾಳಿಗೆಯಲ್ಲಲ್ಲ, ರಸ್ತೆಗೇ ಮುಖ ಮಾಡಿದ ಕೋಣೆಗಳು ಸಿಕ್ಕವು. ಒಳಗಿನ ಅಲಂಕಾರ ಅವರವರದೇ. ಮಿಷನಕ್ಕನಿಗೆ ಆ ಚಿಂತೆಯೇ ಇರಲಿಲ್ಲ, ಅವಳ ಮಗಳು ಓದಿದ್ದೇ ಅಂಗಡಿ, ಆಫೀಸುಗಳ ವಿನ್ಯಾಸ. ಓದು ಮುಗಿಸಿ ತಾನೇ ಕೆಲಸ ಶುರು ಮಾಡಿದ್ದಳು, ಮೊದಲ ಗಿರಾಕಿ ಇನ್ನೂ ಸಿಕ್ಕಿರಲಿಲ್ಲ. ಸಿಕ್ಕಳು, ಅಮ್ಮನ ರೂಪದಲ್ಲಿ.

"ಹೇಗಿರ್ಬೇಕಮ್ಮ?" ಎಂದು ಮಗಳು ಪೆನ್ಸಿಲ್ ಹಿಡಿದು ಕೇಳಿದಳು.

"ಬಂದವರು ಬಾಯಿ ಬಿಟ್ಕೊಂಡು ನಿಂತುಬಿಡ್ಬೇಕು, ಹಾಗಿರ್ಬೇಕು" ಎಂದಳು ಅಮ್ಮ. "ಇಷ್ಟು ವರ್ಷ ಎಣ್ಣೆ ಮಸಿಯಲ್ಲೇ ಕೂತೆ. ಈಗ ದೊಡ್ಡ ಆಸ್ಪತ್ರೆ ಥರ ಇರ್ಲಿ."

ಮಗಳು ಹಾಗೇ ಮಾಡಿದಳು, ಚೆನ್ನಾಗಿಯೇ ಮಾಡಿದಳು. ಕನ್ನಡಿಯಂಥ ಬಿಳಿ ನೆಲ, ಬಿಳಿ ಗೋಡೆ, ಮುಂದೆ ಒಂದು ಮೇಜು, ಕಾಯುವವರಿಗೆ ಮೂರು ಕುರ್ಚಿ, ಗೋಡೆಯ ಗೂಡುಗಳಲ್ಲಿ ದೀಪ ಹಾಕಿಸಿಕೊಂಡು ಕೂತ ಹೊಸ ಮಿಷನ್ನುಗಳು. ರಿಪೇರಿ ಹಿಂದಿನ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡು. ಗಿರಾಕಿ ಮಿಷನ್ ಕೊಟ್ಟು ಚೀಟಿ ತೆಗೆದುಕೊಂಡು ಹೋದರಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇದು ಹೆಗ್ಗಣವಾಗಿರಲಿಲ್ಲ, ನಿಜಕ್ಕೂ ಚೆಂದವಿತ್ತು. ಮಗಳು ಅದರ ಫೋಟೋ ತೆಗೆದು ತನ್ನ ಮಾದರಿ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿದಳು. ಅದನ್ನು ನೋಡಿಯೇ ಅವಳಿಗೆ ಎರಡು ಕೆಲಸ ಬಂದವು.

ಅಮ್ಮನಿಗೆ ಮಾತ್ರ ಕೆಲಸ ಬರಲಿಲ್ಲ. ಮೊದಲು ಸರದಿಯಲ್ಲಿ ಯಾವಾಗಲೂ ಹತ್ತು ಹನ್ನೆರಡು ಮಿಷನ್ ಇರುತ್ತಿದ್ದವು, ಈಗ ಮೂರು, ಒಮ್ಮೊಮ್ಮೆ ಎರಡು. ಬಂದವೂ ರಿಪೇರಿಯಾಗಿ ಹೋಗಿ ವಾರದಲ್ಲಿ ಅದೇ ರೋಗ ಹೊತ್ತು ವಾಪಸು ಬರತೊಡಗಿದವು. ಗಿರಾಕಿಯ ಕೈ ನೋಡುವುದಕ್ಕೇ ಇಲ್ಲವಲ್ಲ, ಚೀಟಿ ನೋಡಿ ರೋಗ ತಿಳಿಯುವುದು ಹೇಗೆ? ಒಬ್ಬರು ಸೋಫಾ ಇದೆಯಾ ಅಂತ ವಿಚಾರಿಸಿದರು. ಇನ್ನೊಬ್ಬ ಕೆನ್ನೆ ಊದಿಸಿಕೊಂಡು ಬಂದು, ಕುರ್ಚಿಯ ಮೇಲೆ ಅರ್ಧ ಗಂಟೆ ಮೌನವಾಗಿ ಕೂತು, ಕೊನೆಗೆ "ಡಾಕ್ಟ್ರು ಯಾವಾಗ ಕರೀತಾರೆ?" ಎಂದ. ಹಲ್ಲಿನ ಡಾಕ್ಟರು ಎರಡನೆಯ ಮಹಡಿಯಲ್ಲಿದ್ದರು. ಮಿಷನಕ್ಕ ಅವನನ್ನು ಲಿಫ್ಟಿನವರೆಗೂ ಬಿಟ್ಟು ಬಂದು ಮನಸಾರೆ ನಕ್ಕಳು. ನಕ್ಕು ಮುಗಿದ ಮೇಲೆ ಖಾಲಿ ಬಿಳಿ ಕೋಣೆಯಲ್ಲಿ ಸರದಿಯ ಮಿಷನ್ನುಗಳನ್ನು ಎಣಿಸಿದಳು, ಎರಡೇ ಇದ್ದವು.

ಬಟ್ಟೆ ಕಾರ್ಖಾನೆಯೊಂದರಿಂದ ಆಗಲೇ ಎರಡು ಸಲ ಕರೆ ಬಂದಿತ್ತು, ಮಿಷನ್ ನೋಡಿಕೊಳ್ಳಲು ಬನ್ನಿ ಅಂತ. ಹೀಗೇ ಮುಂದುವರಿದರೆ ಅಂಗಡಿ ಮುಚ್ಚಿ ಅಲ್ಲಿಗೆ ಹೋಗುವುದೊಂದೇ ದಾರಿ. ಮೂವತ್ತು ವರ್ಷ ಯಾರ ಕೈಕೆಳಗೂ ದುಡಿಯದವಳು ಗಂಟೆ ಹೊಡೆದಾಗ ಏಳಬೇಕು, ಕೂರಬೇಕು. ಅದನ್ನಾದರೂ ನುಂಗಿಕೊಳ್ಳಬಹುದು, ಆದರೆ "ನಿನ್ನ ಅಂಗಡಿಯಿಂದಲೇ ನನ್ನ ಅಂಗಡಿ ಹೋಯ್ತು" ಎಂದು ಮಗಳಿಗೆ ಹೇಳುವುದು ಹೇಗೆ?

ಗಂಡನಿಗೆ ಹೇಳಿದಳು. ಅವನು ನಿವೃತ್ತ ಬಸ್ ಚಾಲಕ, ಎದುರಿಗೆ ಬಂದವರಿಗೆಲ್ಲ ಹಾರ್ನ್ ಹೊಡೆಯುವ ಸ್ವಭಾವ ಇನ್ನೂ ಬಿಟ್ಟಿರಲಿಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದ, ಪೇಪರಿನಿಂದ ತಲೆ ಎತ್ತದೆ.

"ಮೂವತ್ತು ವರ್ಷ ಕುಣಿದಿದ್ದೀನಿ ರೀ" ಎಂದಳು ಅವಳು. "ಈ ನೆಲ ಡೊಂಕೇ. ಎಲ್ಲಿ ಅಂತ ನಾನೇ ಕಂಡುಹಿಡೀತೀನಿ."

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಗಂಡನನ್ನು ಕೂರಿಸಿ, ತಾನು ರಸ್ತೆಯ ಆಚೆ ಬದಿಯ ಮರದ ಕೆಳಗೆ ನಿಂತಳು. ಗಿರಾಕಿಯ ಕೈ ನೋಡಿದ ಹಾಗೆ ಅಂಗಡಿಯನ್ನು ನೋಡಿದಳು. ಒಂದು ಗಂಟೆ ಕಳೆದ ಮೇಲೆ ಚೀಲ ಹೊಲಿಯುವ ಹೆಂಗಸೊಬ್ಬಳು, ಹಳೆಯ ಗಿರಾಕಿ, ಮಿಷನ್ನಿನ ತಲೆಯನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಸೊಂಟದ ಮೇಲೆ ಹೊತ್ತು ಬಂದಳು. ಗಾಜಿನ ಮುಂದೆ ನಿಂತಳು. ಗಾಜಿನಲ್ಲಿ ಅವಳಿಗೆ ಕಂಡದ್ದು ಅಂಗಡಿಯಲ್ಲ, ಅವಳೇ. ತಲೆಗೂದಲು ಸರಿಮಾಡಿಕೊಂಡಳು. ಬಗ್ಗಿ ಒಳಗಿನ ನೆಲ ನೋಡಿದಳು, ತನ್ನ ಚಪ್ಪಲಿ ನೋಡಿಕೊಂಡಳು, ಬೆಡ್‌ಶೀಟಿನ ಎಣ್ಣೆ ಕಲೆ ನೋಡಿಕೊಂಡಳು. ಆಮೇಲೆ ಬಂದ ದಾರಿಯಲ್ಲೇ ತಿರುಗಿದಳು.

ಮಿಷನಕ್ಕ ಸೆರಗು ಸಿಕ್ಕಿಸಿ ಓಡಿದಳು. "ಏ, ನಿಲ್ಲಮ್ಮಾ! ಯಾಕೆ ವಾಪಸ್ ಹೊರಟೆ?"

"ಅಯ್ಯೋ, ಅಕ್ಕಾ! ನೀವಿಲ್ಲೇ ಇದ್ದೀರಾ? ನೀವು ಅಂಗಡಿ ಮುಚ್ಚಿಬಿಟ್ರಿ, ಇದ್ಯಾರೋ ದೊಡ್ಡವರದ್ದು ಅಂದ್ಕೊಂಡೆ." ಆ ಹೆಂಗಸು ಗಂಟನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ನಂದು ಎಣ್ಣೆ ಸೋರುತ್ತೆ ಅಕ್ಕ. ಆ ನೆಲದ ಮೇಲೆ ಇದನ್ನ ಎಲ್ಲಿಡ್ಲಿ? ಒರೆಸೋಕೆ ಹೇಳಿದ್ರೆ ಏನ್ ಮಾಡ್ಲಿ?"

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಇಲ್ಲಿ ಕನ್ನಡಿಯೇ ಹುಣ್ಣಾಗಿತ್ತು. ಬಂದವರು ಬಾಯಿ ಬಿಟ್ಟುಕೊಂಡು ನಿಲ್ಲಬೇಕು ಅಂದಿದ್ದಳಲ್ಲ, ನಿಲ್ಲುತ್ತಿದ್ದರು. ಹೊರಗೇ ನಿಲ್ಲುತ್ತಿದ್ದರು. ಮಿಷನಕ್ಕನಿಗೆ ಒಂದು ವಿಷಯ ಚುರುಕ್ಕೆಂದು ತಟ್ಟಿತು: ತಪ್ಪು ಮಗಳದ್ದಲ್ಲ. ಮೂವತ್ತು ವರ್ಷ ಗಿರಾಕಿಗಳಿಗೆ ಬೈದವಳು, ತಾನು ಗಿರಾಕಿಯಾದಾಗ ರೋಗ ಹೇಳಲೇ ಇಲ್ಲ. ನೆಟ್ಟಗೆ ಮದ್ದಿನ ಹೆಸರು ಹೇಳಿದ್ದಳು, ಮಗಳು ಕೊಟ್ಟಿದ್ದಳು.

ಆ ಸಂಜೆ ಮನೆಯಲ್ಲಿ ಅದನ್ನು ಬಿಚ್ಚಿ ಹೇಳಿದಳು. ಮಗಳ ಮುಖ ಕೆಂಪಾಯಿತು.

"ಆರು ತಿಂಗಳಾಯ್ತಲ್ಲಮ್ಮ, ಈಗ ಹೇಳ್ತಿದ್ದೀಯಾ? ಆ ಫೋಟೋ ತೋರಿಸಿಯೇ ಎಲ್ಲರ ಹತ್ರ ಕೆಲಸ ಕೇಳ್ತಿದ್ದೀನಿ. ಈಗ ಅದನ್ನ ಒಡೆದು ಹಾಕು ಅಂತೀಯಾ?"

"ಒಡೀ ಅಂತ ನಾನು ಹೇಳಲ್ಲ. ಮತ್ತೆ ಮದ್ದು ಹೇಳಿ ಕೆಡೋದು ಬೇಡ. ರೋಗ ಮಾತ್ರ ಹೇಳ್ತೀನಿ. ನನ್ನೋರು ಒಳಗೆ ಬರ್ತಿಲ್ಲ. ಬಂದ್ರೂ ಅವರ ಕೈ ನಂಗೆ ಕಾಣ್ತಿಲ್ಲ. ಇಷ್ಟೇ."

ಮಗಳು ಊಟದ ತಟ್ಟೆ ಸರಿಸಿ ಎದ್ದು ಹೋದಳು. ಮಿಷನಕ್ಕ ಆ ತಟ್ಟೆಯನ್ನು ಮುಚ್ಚಿಟ್ಟಳು. ಅಂಗಡಿ ಹೋದರೆ ಇನ್ನೊಂದು ಕಟ್ಟಬಹುದು, ಮಗಳ ಧೈರ್ಯ ಮುರಿದರೆ ಅದಕ್ಕೆ ಬಿಡಿಭಾಗ ಎಲ್ಲಿಂದ ತರುವುದು ಎಂದು ನಿಜಕ್ಕೂ ಹೆದರಿದಳು.

ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಮಗಳು ಸ್ಟೂಲೊಂದನ್ನು ಹಿಡಿದು ಬಂದು ಮೂಲೆಯಲ್ಲಿ ಕೂತಳು. ಸಂಜೆಯವರೆಗೂ ಏಳಲಿಲ್ಲ, ಬಂದವರು ಎಲ್ಲಿ ನಿಲ್ಲುತ್ತಾರೆ, ಏನು ಮಾಡುತ್ತಾರೆ ಎಂದು ನೋಡಿದಳು. ಮೂರು ದಿನ ಹಾಗೆ ಕೂತಳು. ಆಮೇಲೆ ಕೆಲಸದವರನ್ನು ಕರೆಸಿದಳು. ನಡುವಿನ ಗೋಡೆ ಬಿತ್ತು, ಹಿಂದಿದ್ದ ರಿಪೇರಿ ಬೆಂಚು ಮುಂದಕ್ಕೆ ಬಂತು. ಬಾಗಿಲಿನಿಂದ ಬೆಂಚಿನವರೆಗೆ ಬಿಳಿ ನೆಲ ಹೋಗಿ ಒರಟು ಕಪ್ಪು ಕಲ್ಲು ಬಂತು, ಅದರ ಮೇಲೆ ಎಣ್ಣೆಯಲ್ಲ, ಇಂಜಿನ್ನೇ ಬಿದ್ದರೂ ಕಾಣದು. ಬೆಂಚನ್ನು ಸೊಂಟದ ಎತ್ತರಕ್ಕೆ ಮಾಡಿಸಿದಳು, ಹೊತ್ತು ಬಂದವರು ಬಗ್ಗದೆ ಮಿಷನ್ನನ್ನು ಹಾಗೇ ಜಾರಿಸಿ ಇಡುವಂತೆ. ಗಿರಾಕಿ ಕೂತು ಹೊಲಿಯುವ ಜಾಗ ಗಾಜಿನ ಪಕ್ಕಕ್ಕೇ ಬಂತು. ದೀಪದ ಗೂಡುಗಳಲ್ಲಿ ಹೊಸ ಮಿಷನ್ ಬದಲು ರಿಪೇರಿಗೆ ಬಂದ ಮಿಷನ್ನುಗಳು ಕೂತವು, ಒಂದೊಂದೂ ಯಾರದ್ದೆಂದು ಚೀಟಿ ಕಟ್ಟಿಸಿಕೊಂಡು. ಅಷ್ಟು ದೂರದಿಂದಲೇ ಅದು ಏನು ಅಂಗಡಿ ಎಂದು ಕಣ್ಣಿದ್ದವರಿಗೆ ತಿಳಿಯುವಂತಾಯಿತು.

ಕಾಂಪ್ಲೆಕ್ಸಿನ ಮ್ಯಾನೇಜರು ಬಂದು ಮುಖ ಸಿಂಡರಿಸಿದರು. "ಏನ್ರೀ ಇದು, ಹಳೇ ಸಾಮಾನೆಲ್ಲ ಗಾಜಿನ ಹಿಂದೆ? ಕಟ್ಟಡದ ಮುಖ ಹಾಳಾಗುತ್ತೆ."

"ಕಟ್ಟಡಕ್ಕೆ ನೀವು ಮುಖ ಮಾಡ್ಕೊಂಡಿದ್ದೀರಿ ಸಾರ್. ನನ್ನ ಅಂಗಡಿಗೂ ಒಂದು ಬೇಡ್ವಾ?" ಎಂದಳು ಮಿಷನಕ್ಕ. "ಬೋರ್ಡಿನ ಅಳತೆ ನಿಮ್ಮ ರೂಲು, ಮುಟ್ಟಿಲ್ಲ. ಗಾಜಿನ ಒಳಗಿರೋದು ನನ್ನದು." ಮ್ಯಾನೇಜರು ಕರಾರು ಪತ್ರ ತೆಗೆದು ಓದಿದರು, ಇನ್ನೊಮ್ಮೆ ಓದಿದರು, ಹೊರಟುಹೋದರು. ಮುಂದಿನ ವಾರ ಹೆಂಡತಿಯ ಮಿಷನ್ ಕಳಿಸಿದರು.

ಮಳೆಗಾಲ ಮುಗಿಯುವಷ್ಟರಲ್ಲಿ ಗೂಡುಗಳು ತುಂಬಿ, ಎರಡು ಮಿಷನ್ ಬೆಂಚಿನ ಕೆಳಗೆ ಕೂತವು. ಕಾರ್ಖಾನೆಯಿಂದ ಮೂರನೆಯ ಸಲ ಕರೆ ಬಂದಾಗ ಅವಳು ಫೋನನ್ನು ಭುಜಕ್ಕೊತ್ತಿ, ಬಾಬಿನ್ ಸುತ್ತುತ್ತಲೇ, "ನಿಮ್ಮ ಮಿಷನ್ನುಗಳನ್ನೇ ಇಲ್ಲಿಗೆ ಕಳಿಸಿ, ಸರದಿಯಲ್ಲಿ ನೋಡ್ತೀನಿ" ಎಂದಳು.

ಒಂದು ಮಧ್ಯಾಹ್ನ ಮಗಳು ಹಾಳೆಯೊಂದನ್ನು ಸುತ್ತಿ ಹಿಡಿದು ಬಂದಳು. ಬೀಗದ ಕೈ ಮಾಡುವವರೊಬ್ಬರು ಅಂಗಡಿಯ ವಿನ್ಯಾಸ ಮಾಡಿಕೊಡಲು ಕೇಳಿದ್ದರು, ರಾತ್ರಿಯೆಲ್ಲ ಕೂತು ನಕ್ಷೆ ಬರೆದಿದ್ದಳು. ಬೆಂಚಿನ ಮೇಲೆ ಬಿಡಿಸಿ, ನಾಲ್ಕು ಮೂಲೆಗೂ ಸ್ಕ್ರೂ ಡಬ್ಬಿ ಇಟ್ಟಳು. ಅದುವರೆಗೆ ತನ್ನ ನಕ್ಷೆಯನ್ನು ಅಮ್ಮನಿಗೆ ತೋರಿಸಿದ್ದುಂಟು, ಅದರ ಬಗ್ಗೆ ಅಭಿಪ್ರಾಯ ಕೇಳಿದ್ದಿರಲಿಲ್ಲ.

"ನೋಡಮ್ಮ. ಎಲ್ಲಿ ತೊಡಕಾಗುತ್ತೆ ಹೇಳು."

ಮಿಷನಕ್ಕ ಕೈ ಒರೆಸಿಕೊಂಡು ಕನ್ನಡಕ ಏರಿಸಿದಳು. ಬಾಗಿಲು ಎಲ್ಲಿ, ಮೇಜು ಎಲ್ಲಿ ಎಂದು ಬೆರಳಿಟ್ಟು ನೋಡಿದಳು.

"ಚೆನ್ನಾಗಿದೆ ಕಣೆ. ಒಂದೇ ಕೇಳ್ತೀನಿ. ಮನೆ ಬೀಗ ಹಾಕ್ಕೊಂಡುಬಿಟ್ಟು, ಕೀ ಒಳಗೇ ಬಿಟ್ಟು ಓಡಿ ಬರ್ತಾರಲ್ಲ, ಅವರು ಮೊದಲು ಎಲ್ಲಿ ನಿಲ್ತಾರೆ?"

ಮಗಳು ಹಾಳೆಯಲ್ಲಿ ಆ ಜಾಗ ಹುಡುಕಿದಳು. ಉತ್ತರ ಹಾಳೆಯಲ್ಲಿ ಇರಲಿಲ್ಲ. ಅವಳು ಅದನ್ನು ಮತ್ತೆ ಸುತ್ತಿ ಕಂಕುಳಿಗೆ ಸೇರಿಸಿ, ಅಮ್ಮನ ಸ್ಟೂಲನ್ನು ಕೈಗೆತ್ತಿಕೊಂಡಳು.

"ಇದನ್ನ ಸಂಜೆ ತಂದ್ಕೊಡ್ತೀನಿ" ಎಂದವಳೇ ಬೀಗದವರ ಅಂಗಡಿಯ ಕಡೆ ನಡೆದಳು. ಅಂದು ಮಿಷನಕ್ಕ ಇಡೀ ಮಧ್ಯಾಹ್ನ ನಿಂತೇ ಕೆಲಸ ಮಾಡಿದಳು, ಕಾಲು ನೋಯುತ್ತಿದೆ ಅಂತ ಒಮ್ಮೆಯೂ ಅನ್ನಿಸಲಿಲ್ಲ.